ಹೊಳೆಯಲ್ಲೂ ಪಾಲು

ಮಳಖೇಡದಲ್ಲಿ ಪೀರಮ್ಮ ಬೆಳೆದ ಕಾಯಿಪಲ್ಲೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಲೆಗಳ ಮೇಲೆ ಬೇಯುತ್ತಿತ್ತು. ಕಾಗಿಣಾ ಹೊಳೆಯ ದಂಡೆಯಲ್ಲಿ ಅವಳಿಗೂ ಗಂಡ ಗೊಲ್ಲಾಳಪ್ಪನಿಗೂ ಇದ್ದದ್ದು ಒಂದು ಸಣ್ಣ ತುಂಡು ಹೊಲ, ಒಂದು ಬಾವಿ. ಬದನೆ, ಹಿರೇಕಾಯಿ, ಮೆಂತೆ, ಪುಂಡಿಪಲ್ಲೆ ಬೆಳೆಯುತ್ತಿದ್ದರು. ಪೀರಮ್ಮ ದಿನ ಬಿಟ್ಟು ದಿನ ಬುಟ್ಟಿ ಹೊತ್ತು ಮುಂಜಾನೆಯ ಪ್ಯಾಸೆಂಜರ್ ಹತ್ತುವಳು. ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು ಕ್ವಾರ್ಟರ್ಸಿನ ಸಾಲಿಗೆ ಬಂದು ಕೂಗಿದಳೆಂದರೆ ಹೆಂಗಸರು ಮೊರ ಹಿಡಿದು ಹೊರಗೆ ಬರುತ್ತಿದ್ದರು. ಬುಟ್ಟಿ ಬರಿದಾಗದೆ ಅವಳು ಊರಿಗೆ ಮರಳಿದ್ದು ಅಪರೂಪ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ರೈಲ್ವೆಯವರು ಮುಷ್ಕರ ಹೂಡಿದರು. ಪ್ಯಾಸೆಂಜರ್ ನಿಂತುಹೋಯಿತು. ಗಿಡದಲ್ಲಿ ಬದನೆ ಬಲಿತು ಹಳದಿಯಾಗತೊಡಗಿತು. ಕಿತ್ತದ್ದು ಅಂಗಳದಲ್ಲಿ ರಾಶಿ ಬಿದ್ದಿತ್ತು.

"ಸೇಡಂ ಸಂತಿಗೆ ಹಾಕಿ ಬರೂಣು. ಬಂದಷ್ಟು ಬರ್ಲಿ," ಎಂದ ಗೊಲ್ಲಾಳಪ್ಪ.

"ಸಂತ್ಯಾಗ ಎಲ್ಲಾರೂ ಇದನ್ನೇ ತಂದಿರ್ತಾರ್ರಿ. ವಾಡಿಗೇ ಬಂಡಿ ಹೂಡ್ರಿ."

"ಅವರಿಗೆ ಈಗ ಪಗಾರ ಎಲ್ಲದ?"

"ಪಗಾರ ಇಲ್ಲ ಖರೆ. ಹೊಟ್ಟಿ ಅದಲ್ಲರಿ."

ಅದು ಮರುಕವೋ ವ್ಯಾಪಾರವೋ ಪೀರಮ್ಮನಿಗೇ ಸರಿಯಾಗಿ ತಿಳಿದಿರಲಿಲ್ಲ. ಆ ಬಾಗಿಲುಗಳು ಒಮ್ಮೆ ಬೇರೆ ಯಾರದೋ ಬುಟ್ಟಿಗೆ ತೆರೆದರೆ ತನಗೆ ಮತ್ತೆ ತೆರೆಯಲಾರವು ಎಂಬ ಅಂಜಿಕೆ ಇತ್ತು. ಇಷ್ಟು ವರ್ಷ ಉಂಡವರು ಈಗ ಏನು ಉಣ್ಣುತ್ತಿದ್ದಾರೋ ಎಂಬ ಚಿಂತೆಯೂ ಇತ್ತು. ಎರಡೂ ಒಂದೇ ಬಂಡಿ ಏರಿದವು. ಬಿಸಿಲು ಇಳಿದ ಮೇಲೆ ಹೊರಟವರು ಮರುದಿನ ಹೊತ್ತೇರುವ ಮುಂಚೆ ವಾಡಿ ಸೇರಿದರು.

ಕ್ವಾರ್ಟರ್ಸಿನ ಬಾಗಿಲುಗಳು ಮುಚ್ಚಿದ್ದವು. ಪೀರಮ್ಮ ಕೂಗಿದರೂ ಯಾರೂ ಮೊರ ತರಲಿಲ್ಲ. ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ ಭಗವಂತನ ಹೆಂಡತಿ ಸುಂದರಬಾಯಿ ಬಾಗಿಲನ್ನು ಅರ್ಧ ತೆರೆದಳು.

"ಇವತ್ತೇನೂ ಬ್ಯಾಡ ಅಕ್ಕಾ. ನಮ್ಮ ಮನ್ಯಾವ್ರು ಊರಾಗಿಲ್ಲ. ಪೊಲೀಸ್ರು ಹಿಡಿಯಾಕತ್ತಾರಂತ ಎಲ್ಲ್ಯೋ ಹೋಗ್ಯಾರ."

"ನಾ ರೊಕ್ಕ ಕೇಳಿದೆನೇನವ್ವಾ?"

ಸುಂದರಬಾಯಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಜಾನಬಿ ಹೊರಗೆ ಬಂದಳು. ಅವಳ ಗಂಡ ಲೋಕೋ ಶೆಡ್ಡಿನವನು. ಸಾಲಿನಲ್ಲಿ ಹಿರಿಯಳು ಅವಳೇ. ಅವಳ ಮಾತನ್ನು ಎಲ್ಲರೂ ಕೇಳುತ್ತಿದ್ದರು.

"ಫುಕಟ ಕೊಟ್ರ ನಾವು ಮುಟ್ಟಂಗಿಲ್ಲ ಪೀರಮ್ಮ," ಎಂದಳು. "ಉದ್ರಿ ಒಯ್ಯೂಣು ಅಂದ್ರ ಯಾವಾಗ ತೀರಸ್ತೀವೋ ನಮಗೇ ಗೊತ್ತಿಲ್ಲ."

"ಮತ್ತ ಬಂಡಿ ತಿರುಗಿಸ್ಲೇನು? ದಾರ್ಯಾಗ ಎತ್ತು ತಿಂತಾವ."

ಜಾನಬಿ ಬಂಡಿಯನ್ನೊಮ್ಮೆ, ಮುಚ್ಚಿದ ಬಾಗಿಲುಗಳನ್ನೊಮ್ಮೆ ನೋಡಿದಳು. "ಹಿಂಗ ಮಾಡೂಣು. ಈಗ ನಮ್ಮ ಕಷ್ಟದಾಗ ನೀ ಪಾಲು ತಗೊ. ಮಳಿಗಾಲದಿಂದ ಬೀಜಕ್ಕ ರೊಕ್ಕ ಹಾಕಿ ನಿನ್ನ ಹೊಲದಾಗ ನಾವು ಪಾಲು ತಗೋತೀವಿ. ಹುಳುಕಿರ್ಲಿ, ಸೊಟ್ಟಿರ್ಲಿ, ಬೆಳದದ್ದು ನಮ್ದು. ಬಜಾರಕ್ಕ ಹೋಗಂಗಿಲ್ಲ, ಚೌಕಾಸಿ ಮಾಡಂಗಿಲ್ಲ."

"ಏನೂ ಬೆಳೀಲಿಲ್ಲಂದ್ರ?" ಬಂಡಿಯ ಮೇಲಿಂದ ಗೊಲ್ಲಾಳಪ್ಪ ಕೇಳಿದ.

"ಆಗ ಅದ್ರಾಗೂ ನಮ್ಮ ಪಾಲು ಇರ್ತದ."

ಒಳಗಿನಿಂದ ಬಂದು ನಿಂತಿದ್ದ ಹೆಂಗಸರು ನಕ್ಕರು. ಪೀರಮ್ಮ ನಗಲಿಲ್ಲ. ಬೆಲೆ ಇಳಿಸು ಎಂದವರನ್ನು ಅವಳು ಕಂಡಿದ್ದಳು, ಕೊಸರು ಕೇಳಿದವರನ್ನು ಕಂಡಿದ್ದಳು. ಬೆಳೆಯದೆ ಹೋದದ್ದರಲ್ಲಿ ಪಾಲು ಕೇಳಿದವರನ್ನು ಕಂಡಿರಲಿಲ್ಲ.

ಬೇವಿನ ಮರದ ಕೆಳಗೆ ಕಾಯಿಪಲ್ಲೆಯನ್ನು ಗುಡ್ಡೆ ಮಾಡಿದರು. ಗುಡ್ಡೆಗಳು ಕಾಣದಂತೆ ಸುಂದರಬಾಯಿ ಬೆನ್ನು ತಿರುಗಿಸಿ ನಿಂತಳು. ಜಾನಬಿ ಒಂದೊಂದೇ ಗುಡ್ಡೆ ತೋರಿಸಿ "ಇದು ಯಾರಿಗಿ?" ಎಂದು ಕೇಳಿದಂತೆ ಅವಳು ಒಂದೊಂದು ಮನೆಯ ಹೆಸರು ಹೇಳಿದಳು. ಯಾರಿಂದಲೂ ಹೆಚ್ಚು ಕಡಿಮೆ ಎನ್ನುವ ಮಾತೇ ಬರಲಿಲ್ಲ.

ಮುಷ್ಕರ ಮುಗಿಯುವವರೆಗೂ ಬಂಡಿ ಹೀಗೇ ಓಡಾಡಿತು. ಆಮೇಲೆ ರೈಲುಗಾಡಿಗಳು ಶುರುವಾದವು, ಗಂಡಸರು ಡ್ಯೂಟಿಗೆ ಮರಳಿದರು. ಆದರೆ ಭಗವಂತನಂಥ ಕೆಲವರನ್ನು ಮರಳಿ ತೆಗೆದುಕೊಳ್ಳಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಅವನೂ ಸುಂದರಬಾಯಿಯೂ ಸ್ಟೇಷನ್ ಹಿಂದಿನ ಒಂದು ತಗಡಿನ ಕೋಣೆ ಸೇರಿದರು. ಮೊದಲ ಮಳೆ ಬಿದ್ದಾಗ ಜಾನಬಿ ಮಾತು ಮರೆಯಲಿಲ್ಲ. ಪಗಾರ ಬಂದ ಮನೆಗಳಿಂದ ರೊಕ್ಕ ಕೂಡಿಸಿ ಬೀಜಕ್ಕೆಂದು ಪೀರಮ್ಮನ ಸೆರಗಿಗೆ ಹಾಕಿದಳು.

ಆ ಬೀಜ ಮೊಳೆತು ಹೂವಿಗೆ ಬಂದ ಹೊತ್ತಿನಲ್ಲಿ ಮೇಲೆ ಚಿಂಚೋಳಿಯ ಕಡೆ ಮಳೆ ಹೊಡೆದು ಕಾಗಿಣಾ ಉಕ್ಕಿತು. ನೀರು ಬಂದದ್ದೂ ಬೇಗ, ಇಳಿದದ್ದೂ ಬೇಗ. ಇಳಿದ ಮೇಲೆ ನೋಡಿದರೆ ಬದನೆಯ ಸಾಲಿರಲಿಲ್ಲ, ಹಿರೇಬಳ್ಳಿಯ ಹಂದರವಿರಲಿಲ್ಲ. ಹೊಲದ ತುಂಬ ಮೊಣಕಾಲುದ್ದ ಹೂಳು ಕೂತಿತ್ತು. ದಿಬ್ಬದ ಮೇಲಿನ ಪುಂಡಿ, ನಾಲ್ಕಾರು ಕುಂಬಳಕಾಯಿ ಉಳಿದಿದ್ದವು.

ಪೀರಮ್ಮ ಕೆಲವು ದಿನ ಸ್ಟೇಷನ್ನಿನ ಕಡೆ ಮುಖ ಹಾಕಲಿಲ್ಲ. ಗೊಲ್ಲಾಳಪ್ಪ "ಹೋಗಿ ಹೇಳಿರ ಬಾ" ಎಂದಾಗ ಎದ್ದಳು. ಪ್ಯಾಸೆಂಜರಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ವಾಡಿಯಲ್ಲಿ ಪುಂಡಿಯ ಬುಟ್ಟಿ ಇಳಿಸಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಹೊಳಿ ಬಂದು ಎಲ್ಲಾ ಒಯ್ತು ಬಾಯಾರ. ನಿಮ್ಮ ಮಾತು ನಿಮಗ ವಾಪಸ್. ಇನ್ನ ಬ್ಯಾರೆ ಕಡಿ ತಗೊಳ್ರಿ. ಬೀಜದ ರೊಕ್ಕಕ್ಕ ಮಾತ್ರ ಜರಾ ತಡೀರಿ."

ಮೂಲೆ ಮನೆಯಾಕೆ ಪುಂಡಿಯ ಕಟ್ಟನ್ನು ಎತ್ತಿ ನೋಡಿ ಮರಳಿ ಇಟ್ಟಳು. "ನಮ್ಮ ಮನ್ಯಾಗ ಆಗಲೇ ಬಜಾರದಿಂದ ತರಾಕತ್ತಾರ. ಹುಡುಗ್ರು ಬರೇ ಪುಂಡಿ ಎಷ್ಟಂತ ತಿಂತಾವ," ಎಂದು ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳೂ ಹೋದಳು. ಪೀರಮ್ಮನಿಗೆ ಸಿಟ್ಟು ಬರಲಿಲ್ಲ. ಆಕೆ ಹೇಳಿದ್ದು ಸುಳ್ಳಲ್ಲ.

ಜಾನಬಿ ಮಾತ್ರ ಬುಟ್ಟಿಯ ಮುಂದೆ ಕುಳಿತಳು. "ಹೊಳಿ ನಿನ್ನ ಹೊಲಕ್ಕಷ್ಟೇ ಬಂತೇನು? ಪಾಲು ಅಂದ ಮ್ಯಾಲ ನಮ್ಮ ಹೊಲಕ್ಕೂ ಬಂತಲ್ಲ."

ಹಿಂದಿನಿಂದ ಸುಂದರಬಾಯಿ ಮಾತಾಡಿದಳು. ಬೀಜಕ್ಕೆ ಏನೂ ಕೊಡಲಾಗದೆ ಅವಳು ಇತ್ತೀಚೆಗೆ ದೂರವೇ ನಿಲ್ಲುತ್ತಿದ್ದಳು. "ರವಿವಾರ ನಾವು ಬರ್ತೀವಿ ಅಕ್ಕಾ. ಹೊಲಕ್ಕ ಹಾಕಾಕ ನಮ್ಮ ಕೈಯಾಗ ಏನೂ ಇದ್ದಿಲ್ಲ. ಮಣ್ಣು ತೆಗೀಲಿಕ್ಕ ನಮ್ಮ ಮನ್ಯಾವರಿಗಿ ಬರ್ತದ."

ರವಿವಾರ ಅವರಷ್ಟೇ ಅಲ್ಲ, ಜಾನಬಿಯ ಜೊತೆ ಇನ್ನೂ ಐದಾರು ಮನೆಯವರು ಸಲಿಕೆ, ಬುಟ್ಟಿ ಹಿಡಿದು ಪ್ಯಾಸೆಂಜರಿನಿಂದ ಇಳಿದರು. ಭಗವಂತ ಹೂಳನ್ನು ಎಲ್ಲಿಂದ ಕಡಿಯಬೇಕು, ನೀರು ಹೋಗಲು ಎಲ್ಲಿ ಕಾಲುವೆ ತೆಗೆಯಬೇಕು ಎಂದು ಗೊಲ್ಲಾಳಪ್ಪನೊಡನೆ ಮಾತಾಡಿ ಮಂದಿಯನ್ನು ಸಾಲು ನಿಲ್ಲಿಸಿದ. ಮಧ್ಯಾಹ್ನ ಎಲ್ಲರೂ ದಿಬ್ಬದ ಮೇಲೆ ಕುಳಿತು ಜೋಳದ ರೊಟ್ಟಿಗೆ ಅದೇ ಪುಂಡಿಪಲ್ಲೆ ಹಚ್ಚಿಕೊಂಡು ಉಂಡರು. ಸಂಜೆಗೆ ಅರ್ಧ ಹೊಲದ ಕಪ್ಪು ಮಣ್ಣು ಮತ್ತೆ ಕಂಡಿತು.

ಉಳಿದವರು ಗಾಡಿಗೆ ಹೊರಟರೂ ಸುಂದರಬಾಯಿ ಬಾವಿಯ ಕಟ್ಟೆಯಿಂದ ಏಳಲಿಲ್ಲ. ಪೀರಮ್ಮ ಹೋಗಿ ಪಕ್ಕದಲ್ಲಿ ಕುಳಿತಳು.

"ಇಲ್ಲೇ ಇರ್ರಿ ಇಬ್ಬರೂ. ದನದ ಕೊಟ್ಟಿಗಿ ಬಾಜೂಕ ಒಂದು ಖೋಲಿ ಅದ. ಬಂದದ್ರಾಗ ಕೂಡಿ ಉಣ್ಣೂಣು."

"ನಾ ಶಹಾಬಾದದಾಕಿ ಅಕ್ಕಾ. ಕಲ್ಲು ಕಡಿಯೂದು ನೋಡಿ ಬೆಳದಾಕಿ. ಕಸ ಯಾವ್ದು ಪಲ್ಲೆ ಯಾವ್ದು ನನಗ ಗೊತ್ತಾಗಂಗಿಲ್ಲ." ಕೈಗೆ ಮೆತ್ತಿದ ಹೂಳನ್ನು ಉಜ್ಜಿಕೊಳ್ಳುತ್ತ ಕೇಳಿದಳು: "ದಯಾ ಮಾಡಿ ಕರ್ಯಾಕತ್ತೀರೇನು?"

ಪೀರಮ್ಮ ಯೋಚಿಸಿಯೇ ಉತ್ತರ ಕೊಟ್ಟಳು. "ನಮ್ಮ ಮನ್ಯಾವರ ಹೆಗಲು ಸೋತದ. ಬಾವಿ ನೀರು ಎತ್ತಾಕ ಆಗವಲ್ದು. ನನಗ ಕೈ ಬೇಕವ್ವಾ. ದಯಾ ಮಾಡೂ ಅಷ್ಟು ದೊಡ್ಡಾಕಿ ನಾ ಅಲ್ಲ."

ಸುಂದರಬಾಯಿಗೆ ಆ ಉತ್ತರ ಹಿಡಿಸಿತು. ಅವರು ಉಳಿದರು.

ಮೊದಲ ವರ್ಷ ಅವಳು ಮೆಂತೆಯನ್ನು ಕಸವೆಂದು ಕಿತ್ತಳು, ಕಸವನ್ನು ಬಿಟ್ಟಳು. ಎರಡನೆಯ ವರ್ಷ ಬುಟ್ಟಿ ಹೊತ್ತು ತಾನೂ ವಾಡಿಗೆ ಹೊರಟಳು. ತಾನು ಸಂಸಾರ ಮಾಡಿದ ಮನೆಯ ಮುಂದೆ ಬಂದಾಗ ಕೂಗಲಾಗಲಿಲ್ಲ. ಜೊತೆಗಿದ್ದ ಪೀರಮ್ಮ ಕೂಗಿದಳು. ಒಳಗಿನಿಂದ ಯಾರೋ ಹೊಸಬರು ಮೊರ ಹಿಡಿದು ಬಂದರು. ಮರುಸಲ ಸುಂದರಬಾಯಿಯೇ ಕೂಗಿದಳು. ಮೂಲೆ ಮನೆಯಾಕೆಯೂ ಒಂದು ದಿನ ಏನೂ ಆಗಿಲ್ಲವೆಂಬಂತೆ ಬಂದು ಪಾಲಿಗೆ ಸೇರಿಕೊಂಡಳು. ಯಾಕೆ ಬಿಟ್ಟಿದ್ದೆ ಎಂದು ಯಾರೂ ಕೇಳಲಿಲ್ಲ.

ಎಪ್ಪತ್ತೇಳರಲ್ಲಿ ದಿಲ್ಲಿಯ ಸರ್ಕಾರ ಬದಲಾಯಿತು. ಭಗವಂತನನ್ನು ಮರಳಿ ಕೆಲಸಕ್ಕೆ ಕರೆದರು. ಸುದ್ದಿ ಬಂದ ದಿನ ಪೀರಮ್ಮ ಹೋಳಿಗೆ ಮಾಡಿದಳು. ಉಣಬಡಿಸುವಾಗ ಅವಳ ಕಣ್ಣು ಮತ್ತೆ ಮತ್ತೆ ಬಾವಿಯ ಕಡೆ ಹೋಗುತ್ತಿದ್ದುದನ್ನು ಭಗವಂತ ಗಮನಿಸಿದ. ಹೊರಡುವ ಮುನ್ನ ಆಡಕಿ ಹಳ್ಳಿಯಿಂದ ತನ್ನ ದಾಯಾದಿ ಮಾಣಿಕಪ್ಪನನ್ನು ಕರೆತಂದು, ನೀರೆತ್ತುವ ಕೆಲಸ ಒಪ್ಪಿಸಿಯೇ ವಾಡಿಯ ಗಾಡಿ ಹತ್ತಿದ.

ಆ ಸಲ ಮಳೆ ತಡವಾಯಿತು. ಪೀರಮ್ಮ ಹಗುರವಾದ ಬುಟ್ಟಿ ಹೊತ್ತು ಕ್ವಾರ್ಟರ್ಸಿಗೆ ಬಂದಾಗ ಹೊಸದಾಗಿ ಬಂದ ಒಬ್ಬ ಸೊಸೆ ಬದನೆಕಾಯಿ ತಿರುಗಿಸಿ ನೋಡಿ, "ಇದ್ರಾಗ ಹುಳ ಅದರಿ," ಎಂದಳು.

ಈಗ ಮತ್ತೆ ಕ್ವಾರ್ಟರ್ಸಿನವಳಾಗಿದ್ದ ಸುಂದರಬಾಯಿ ಅದನ್ನು ತನ್ನ ಮೊರಕ್ಕೆ ಹಾಕಿಕೊಂಡಳು. "ಅಷ್ಟೇ ಕೊಯ್ದು ತೆಗದ್ರ ಉಳದದ್ದು ಚೊಲೊ ಅದ." ಆಮೇಲೆ ಪೀರಮ್ಮನ ಕಡೆ ತಿರುಗಿ ಕೇಳಿದಳು: "ಬಾವ್ಯಾಗ ನೀರು ಎಲ್ಲೀತನಾ ಇಳದಾವ ಅಕ್ಕಾ?"

ಆರಿಸುತ್ತಿದ್ದ ಕೈಗಳೆಲ್ಲ ನಿಂತವು. ಜಾನಬಿಯೂ ಬಾಗಿಲಿಗೆ ಬಂದಳು. ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿಯ ಪಕ್ಕದಲ್ಲಿ ಕುಳಿತಳು, ಬಾವಿಯ ಸುದ್ದಿ ಹೇಳತೊಡಗಿದಳು.