ಬೆಳಗಿನ ಉಪ್ಪು

ವಸಂತಿ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಅವಳು ಮಾತು ಕೊಡುವುದೇ ಅಪರೂಪ, ಅದಕ್ಕೆ. ಸಾಂಟಾ ಕ್ಲಾರಾದಲ್ಲಿ, ಎಲ್ ಕಮೀನೋ ರಸ್ತೆಯ ಅಂಗಡಿಗಳ ಹಿಂಬದಿ ಸಾಲಿನಲ್ಲಿ, ಅವಳ ಇಡ್ಲಿ ಹಿಟ್ಟಿನ ಕಾರ್ಖಾನೆ ಶುರುವಾಗಿ ಒಂಬತ್ತು ವರ್ಷ. ಕಾರ್ಖಾನೆ ಎನ್ನುವುದು ದೊಡ್ಡ ಮಾತು. ಎರಡು ಗ್ರೈಂಡರು, ಹಿಟ್ಟು ಉಬ್ಬಿ ಬರಲು ಒಂದು ಬೆಚ್ಚಗಿನ ಕೋಣೆ, ಕೆಲಸಕ್ಕೆ ನಾಲ್ಕು ಜನ. ಉದ್ದು ಎಷ್ಟು ಸಲ ತೊಳೆಯಬೇಕು ಎಂಬುದರಿಂದ ಹಿಡಿದು ಸೌಟು ಯಾವ ಮೊಳೆಗೆ ತೂಗುಹಾಕಬೇಕು ಎಂಬುದರವರೆಗೆ ಉಡುಪಿಯ ವಸಂತಿಯೇ ಹೇಳಬೇಕು. ಹೇಳಿದ ಹಾಗೆ ಮಾಡುತ್ತಿದ್ದರೂ ಹಿಂದೆ ನಿಂತು ನೋಡಬೇಕು. ನೋಡಿ ನೋಡಿ ಕೊನೆಗೆ "ಬಿಡು ಮಾರಾಯ್ತಿ, ನಾನೇ ಮಾಡ್ತೇನೆ" ಎನ್ನಬೇಕು.

ಇದನ್ನು ಆರು ವರ್ಷ ಸಹಿಸಿದವಳು ಇಂದು ಎಂಬ ಹಾಸನದವಳು. ಹಿಟ್ಟಿನ ಹದ ಅವಳ ಬೆರಳಿಗೆ ತಿಳಿದಷ್ಟು ವಸಂತಿಗೂ ತಿಳಿಯದು. ಅಂಥವಳು ಅಕ್ಟೋಬರಿನಲ್ಲಿ ಒಂದು ದಿನ ಏಪ್ರನ್ನು ಬಿಚ್ಚಿಟ್ಟು ನೇರವಾಗಿ ಹೇಳಿಬಿಟ್ಟಳು.

"ಅಕ್ಕ, ನಂಗೆ ಫ್ರೀಮಾಂಟಲ್ಲಿ ಬೇರೆ ಕೆಲಸ ಸಿಕ್ಕಿದೆ. ಹೋಗೋಕೆ ಮನಸ್ಸಿಲ್ಲ. ಆದ್ರೆ ಹಿಂಗೇ ಆದ್ರೆ ಹೋಗ್ತೀನಿ."

"ಹಿಂಗೆ ಅಂದ್ರೆ ಎಂತ?"

"ಒಂದು ತಿಂಗಳು ಕೆಲಸ ನಮಗೆ ಬಿಡಿ. ಹಿಟ್ಟು ಚೆನ್ನಾಗಿ ಬಂತಾ ಅಂತ ಕೇಳಿ. ಹೆಂಗೆ ಮಾಡಿದ್ರಿ ಅಂತ ಕೇಳ್ಬೇಡಿ. ಕೈಯಂತೂ ಹಾಕ್ಲೇಬೇಡಿ."

ವಸಂತಿ ಒಪ್ಪಿದಳು. ಒಪ್ಪದೆ ಗತಿಯಿರಲಿಲ್ಲ.

ಮೊದಲ ವಾರದಲ್ಲೇ ಇಂದು ಹಲವು ಬದಲಾವಣೆ ಮಾಡಿದಳು. ಉಪ್ಪು ತೂಗುವ ಕೆಲಸವನ್ನು ಸೋಮಲಿಂಗಪ್ಪನಿಗೆ ವಹಿಸಿದಳು. ಅವನು ರಾಣೇಬೆನ್ನೂರಿನವನು, ಅರವತ್ತಮೂರು ವರ್ಷ ವಯಸ್ಸು, ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಲಾರೆ ಎಂದು ಕೆಲಸಕ್ಕೆ ಸೇರಿದವನು. ಅಲ್ಲಿಯವರೆಗೆ ಪಾತ್ರೆ ತೊಳೆಯುವುದು ಬಿಟ್ಟು ಬೇರೇನನ್ನೂ ವಸಂತಿ ಅವನಿಗೆ ಕೊಟ್ಟಿರಲಿಲ್ಲ. ಈಗ ಅವನು ತಕ್ಕಡಿಯ ಮುಂದೆ ಕನ್ನಡಕ ಏರಿಸಿಕೊಂಡು ನಿಂತರೆ ಪಂಚಾಯ್ತಿ ಅಧ್ಯಕ್ಷನ ಗತ್ತು. ವಸಂತಿಗೆ ನಗುವೂ ಬಂತು, ಹೊಟ್ಟೆಯೊಳಗೆ ಸಣ್ಣಗೆ ಉರಿಯೂ ಹತ್ತಿತು. ಹಿಟ್ಟು ಚೆನ್ನಾಗಿಯೇ ಬರುತ್ತಿತ್ತು, ಅದೇ ಅವಳಿಗೆ ಕಷ್ಟವಾದದ್ದು.

ಮೂರನೆಯ ವಾರ ಚಳಿ ಬಿತ್ತು. ಹನ್ನೊಂದು ಗ್ರೋಸರಿ ಅಂಗಡಿಗಳಿಗೆ ಸರಕು ಕೊಳ್ಳುವ ಮಧುಕರ್ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದು ಇಡ್ಲಿ ತಿಂದು ನೋಡುವುದೆಂದು ನಿಶ್ಚಯವಾಗಿತ್ತು. ಎರಡು ವರ್ಷ ಫೋನು ಮಾಡಿ ಮಾಡಿ ಒಪ್ಪಿಸಿದ ಆಸಾಮಿ. ಗುರುವಾರ ಸಂಜೆ ಐದಕ್ಕೆ, ಎಲ್ಲರೂ ಮನೆಗೆ ಹೋದ ಮೇಲೆ, ವಸಂತಿ ಬಾಗಿಲು ತೆಗೆದು ಒಳಗೆ ಹೋದಳು. ಸುಮ್ಮನೆ ನೋಡುವುದಕ್ಕೆ. ನೋಡಬಾರದು ಎಂದು ಇಂದು ಹೇಳಿರಲಿಲ್ಲವಲ್ಲ!

ನಾಲ್ಕು ದೊಡ್ಡ ಡ್ರಮ್ಮುಗಳಲ್ಲಿ ಹಿಟ್ಟು ಇನ್ನೂ ಉಬ್ಬದೆ ಕೂತಿತ್ತು. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟಳು. ಸಪ್ಪೆ. ಎರಡನೆಯದೂ ಸಪ್ಪೆ. ರುಬ್ಬಿದ ಕೂಡಲೇ ಉಪ್ಪು ಹಾಕಿ ಕಲಸಿಡುವುದು ಅವಳ ಅಜ್ಜಿಯ ಕಾಲದಿಂದ ಬಂದ ಕ್ರಮ. ಮುದುಕ ಮರೆತಿದ್ದಾನೆ! ಇಂದುವಿಗೆ ಫೋನು ಮಾಡಲೇ? ಮಾಡಿದರೆ ಒಳಗೆ ಬಂದದ್ದು ತಿಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸ್ವೆಟರಿನ ತೋಳು ಮಡಚಿ, ಕೈ ತೊಳೆದು, ನಾಲ್ಕಕ್ಕೂ ಉಪ್ಪು ತೂಗಿ ಹಾಕಿ, ಕೈಯನ್ನು ಮೊಣಕೈವರೆಗೆ ಇಳಿಸಿ ಕಲಸಿದಳು. ಮೂರು ವಾರಗಳ ನಂತರ ಕೈಗೆ ಹಿಟ್ಟು ತಾಗಿದಾಗ ಅವಳಿಗೆ ಎಷ್ಟು ಹಿತವಾಯಿತೆಂದರೆ, ಕದ್ದು ಮಾಡುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ಬೆಳಿಗ್ಗೆ ಅವಳು ಮಧುಕರ್ ಜೊತೆಗೇ ಒಳಗೆ ಬಂದಳು. ಇಡ್ಲಿಗಳು ಹಬೆಯಾಡುತ್ತಿದ್ದವು, ನೋಡಲು ಮಲ್ಲಿಗೆಯೇ. ಮಧುಕರ್ ಒಂದು ತುಂಡು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ನೀರಿನ ಬಾಟ್ಲಿಗೆ ಕೈ ಚಾಚಿದ.

"ಸಾಲ್ಟು ಸ್ವಲ್ಪ ಜಾಸ್ತಿ ಆಗಿದೆ ಅಲ್ವಾ, ಮೇಡಂ?"

ಸ್ವಲ್ಪವಲ್ಲ. ವಸಂತಿ ಬಾಯಿಗಿಟ್ಟದ್ದು ಇಡ್ಲಿಯಲ್ಲ, ಸಮುದ್ರ. ಇಂದು ತಿಂದು ನೋಡಿ ಬಿಳಿಚಿಕೊಂಡಳು.

"ಸೋಮಲಿಂಗಪ್ಪಣ್ಣ, ಎಷ್ಟು ತೂಗಿದ್ರಿ?"

"ನೀ ಬರ್ದು ಕೊಟ್ಟಷ್ಟs ತಂಗಿ. ಮುಂಜಾನೆ ಆರೂವರೆಕ್ಕ, ಹಿಟ್ಟು ಉಬ್ಬಿದ ಮ್ಯಾಲೆ."

ಬೆಳಿಗ್ಗೆ ಆರೂವರೆಗೆ! ವಸಂತಿಯ ಕಿವಿ ಬಿಸಿಯಾಯಿತು. ಮೊದಲೇ ಉಪ್ಪು ಬಿದ್ದರೆ ಚಳಿಯಲ್ಲಿ ಹಿಟ್ಟು ಬೇಗ ಉಬ್ಬದೆಂದು ಇಂದು ಉಪ್ಪು ಹಾಕುವುದನ್ನು ಬೆಳಿಗ್ಗೆಗೆ ಬದಲಾಯಿಸಿದ್ದಾಳೆ. ಅವರು ಯಾರೂ ಏನೂ ಮರೆತಿರಲಿಲ್ಲ.

"ಎರಡು ಸಲ ಹಾಕಿದ್ರಾ?" ಇಂದು ಕೇಳಿದಳು.

ಸೋಮಲಿಂಗಪ್ಪ ತಕ್ಕಡಿಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಆ ಗತ್ತೆಲ್ಲ ಇಳಿದುಹೋಗಿತ್ತು. "ಹಾಕಿರಬೇಕು ತಂಗಿ. ವಯಸ್ಸಾತು. ನನಗs ನನ್ನ ಮ್ಯಾಲೆ ನಂಬಿಕಿ ಇಲ್ಲ ಈಗ. ನಾ ಪಾತ್ರಿನs ತೊಳೀತೀನಿ."

ಇಂದು ವಸಂತಿಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ನೀವು ಹೇಳಿದ್ದೇ ಸರಿ ಅಕ್ಕ. ನಮ್ಮ ಕೈಯಲ್ಲಿ ಆಗಲ್ಲ. ಇನ್ಮೇಲೆ ನೀವು ಹೆಂಗೆ ಹೇಳ್ತೀರೋ ಹಂಗೆ ಮಾಡ್ತೀವಿ. ಫ್ರೀಮಾಂಟಿಗೂ ಹೋಗಲ್ಲ."

ಈ ಮಾತನ್ನು ಕೇಳಲು ವಸಂತಿ ಎಷ್ಟು ಹಂಬಲಿಸಿದ್ದಳು! ಅವಳು ಬಾಯಿ ತೆರೆಯದಿದ್ದರೆ ಸಾಕು. ಕಾರ್ಖಾನೆ ಮತ್ತೆ ಅವಳದು, ಇಂದುವೂ ಅವಳವಳು, ಸೌಟು ಮತ್ತೆ ಅವಳು ಹೇಳಿದ ಮೊಳೆಯಲ್ಲಿ. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಮಧುಕರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಸೋಮಲಿಂಗಪ್ಪ ಆಗಲೇ ಸಿಂಕಿನ ಮುಂದೆ ನಿಂತು ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ. ಆ ಬಾಗಿದ ಬೆನ್ನನ್ನು ನೋಡಿ ವಸಂತಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ತಪ್ಪು ಅವರದ್ದಲ್ಲ" ಎಂದಳು. "ನಿನ್ನೆ ಸಂಜೆ ನಾನು ಬಂದಿದ್ದೆ. ನೋಡುವಾಗ ಉಪ್ಪು ಇರ್ಲಿಲ್ಲ. ನೀವು ಮರ್ತಿದ್ದೀರಿ ಅಂತ ಗ್ರಹಿಸಿ ನಾನೇ ಹಾಕಿದೆ. ನಾಲ್ಕಕ್ಕೂ."

ನಲ್ಲಿ ನಿಂತಿತು. ಮಧುಕರ್ ಕೆಮ್ಮಿ, "ಮೇಡಂ, ನಾನು ಹೊರಡ್ತೀನಿ, ಆಮೇಲೆ ನೋಡೋಣ" ಎಂದು ಕಾರಿನ ಕೀಲಿ ತೆಗೆದುಕೊಂಡು ಹೋದ. ಎರಡು ವರ್ಷದ ಫೋನುಗಳು ಅವನ ಹಿಂದೆಯೇ ಹೋದವು. ಅವನು ಹೋದದ್ದನ್ನು ವಸಂತಿ ಸರಿಯಾಗಿ ಗಮನಿಸಲೂ ಇಲ್ಲ. ಅವಳು ಇಂದುವಿನ ಮುಖವನ್ನೇ ನೋಡುತ್ತಿದ್ದಳು.

ಇಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಾನು ಸೋಮಲಿಂಗಪ್ಪಣ್ಣನ್ನ ಅನುಮಾನಿಸಿದೆ, ಅಕ್ಕ" ಎಂದಳು ಮೆಲ್ಲಗೆ. "ನಿಮ್ಮಿಂದ." ಬಾಗಿಲು ತೋರಿಸಿದಳು. "ನೀವು ಹೊರಗಿರಿ. ನಾವು ಮಾತಾಡ್ಬೇಕು."

ಒಂಬತ್ತು ವರ್ಷದಲ್ಲಿ ಅವಳ ಕಾರ್ಖಾನೆಯಿಂದ ಅವಳನ್ನು ಯಾರೂ ಹೊರಗೆ ಕಳಿಸಿರಲಿಲ್ಲ. ವಸಂತಿ ಹೋದಳು. ಪಾರ್ಕಿಂಗ್ ಜಾಗದಲ್ಲಿ ಸ್ವೆಟರಿನ ತೋಳೊಳಗೆ ಕೈ ಸೇರಿಸಿಕೊಂಡು ನಿಂತಳು. ಬಾಗಿಲಿನ ಗಾಜಿನಲ್ಲಿ ಇಣುಕಬಹುದಿತ್ತು. ಇಣುಕಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಾಲ್ವರೂ ಒಟ್ಟಿಗೆ ಬ್ಯಾಗು ಹಿಡಿದು ಹೊರಬರುತ್ತಾರೆ ಎಂದೇ ಅವಳಿಗೆ ಭಯ.

ಬಂದವನು ಸೋಮಲಿಂಗಪ್ಪ ಒಬ್ಬನೇ. ಎರಡು ಮೆಟ್ಟಿಲು ಮೇಲೆಯೇ ನಿಂತ.

"ಅಕ್ಕಾರ, ಆ ಸಾಹೇಬ್ರಿಗೆ ಫೋನ್ ಮಾಡ್ರಿ. ಸೋಮವಾರ ಬರ್ಲಿ. ಹೊಸಾ ಹಿಟ್ಟು ನಾವು ಮಾಡ್ತೀವಿ, ಉಪ್ಪು ನಾನs ತೂಗ್ತೀನಿ."

"ಆಯ್ತು" ಎಂದಳು ವಸಂತಿ. "ಇಂದು?"

"ಸೋಮವಾರದ ಮಟಾ ಇರ್ತಾಳಂತ. ಆಮ್ಯಾಲೆ ನೋಡ್ತಾಳಂತ." ಅವನು ಕನ್ನಡಕ ಒರೆಸಿ ಹಾಕಿಕೊಂಡ. "ಮತ್ತ, ಅಲ್ಲೀತನಕ ನೀವು ಒಳಗ ಬರಬ್ಯಾಡ್ರಿ."

ವಸಂತಿ ತಲೆಯಾಡಿಸಿದಳು. ಒಳಗೆ ನೀರು ಧಾರಾಳವಾಗಿ ಹರಿಯುವ ಸದ್ದು. ಯಾರೋ ಉದ್ದನ್ನು ಅವಳ ಲೆಕ್ಕದ ನಾಲ್ಕು ಸಲದ ಬದಲು ಆರು ಸಲ ತೊಳೆಯುತ್ತಿದ್ದಾರೆ. ನಾಲಿಗೆ ತುದಿಯವರೆಗೆ ಬಂದ ಮಾತನ್ನು ಅವಳು ನುಂಗಿಕೊಂಡು, ಮಧುಕರ್ ನಂಬರನ್ನು ಹುಡುಕತೊಡಗಿದಳು.