ಹಿನ್ನೀರಿಗೆ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಿ

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು. ನಮ್ಮ ಎಡತೊರೆ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಕೇಳಲೇಬೇಕು ಅನ್ನಿಸಿದರೆ ‘ದೂರ ಹೊರಟ್ರಾ?’ ಅನ್ನಬೇಕು. ಅವರು ‘ಹೂಂ, ಇಲ್ಲೇ’ ಅನ್ನಬೇಕು. ಅಲ್ಲಿಗೆ ಮಾತು ಮುಗಿಯಿತು. ಸಂತೆಗೆ ಹೋಗುವವರಿಗೆ, ನೆಂಟರ ಮನೆಗೆ ಹೋಗುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಆದರೆ ನೀರಿಗೆ ಹೋಗುವವರ ಮನೆಯಲ್ಲಿ ಏನಾಗುತ್ತದೆ? ಚೆಲುವಮ್ಮನ ಮನೆಯ ಕಥೆ ಕೇಳಿ.

ಚೆಲುವಮ್ಮನ ಗಂಡ ಸಣ್ಣಬೀರಯ್ಯ ಮೀನು ಹಿಡಿಯುವವನು. ಅವನ ಅಪ್ಪ, ಅಜ್ಜ ಎಲ್ಲರೂ ಕಾವೇರಿ ಹೊಳೆಯಲ್ಲಿ ಹರಿಗೋಲು ಹಾಕಿದವರೇ. ಈಗ ಕನ್ನಂಬಾಡಿ ಕಟ್ಟೆಯ ನೀರು ಹಿಂದಕ್ಕೆ ನಿಂತು, ಹೊಳೆ ಇದ್ದ ಕಡೆ ಆಚೆ ದಡ ಕಾಣದಷ್ಟು ನೀರಾಗಿದೆ. ಹುಣಸೆ ತೋಪು ಮುಳುಗಿದೆ, ಹಳೇ ಊರು ಮುಳುಗಿದೆ. ನೀರು ಅಷ್ಟು ಹಿಗ್ಗಿದರೂ ನಮ್ಮ ಜನದ ಬುದ್ಧಿ ಹೊಳೆಯಷ್ಟೇ ಅಗಲ ಉಳಿಯಿತು. ಹೊಳೆಯಲ್ಲಿ ಹರಿಗೋಲು ಕೈತಪ್ಪಿದರೆ ಕೆಳಕ್ಕೆ ಹೋಗುತ್ತದೆ, ದಡದ ಮೇಲೆ ಓಡಿದರೆ ಸಿಗುತ್ತದೆ. ಹಿನ್ನೀರಿನಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಗಾಳಿ ಎತ್ತ ತಳ್ಳಿದರೆ ಅತ್ತ.

ಆಷಾಢದ ಒಂದು ಬೆಳಿಗ್ಗೆ ಸಣ್ಣಬೀರಯ್ಯ ಬಲೆ ಹೆಗಲಿಗೆ ಹಾಕಿಕೊಂಡು ಹೊರಟ. ಮೋಡ ಓಡುತ್ತಿದ್ದ ರೀತಿ ಚೆಲುವಮ್ಮನಿಗೆ ಸರಿ ಕಾಣಲಿಲ್ಲ. ಬಾಗಿಲಿಗೆ ಬಂದು ಬಾಯಿ ತೆರೆದಳು.

“ಯಾವ್ ಕಡೀಕೆ...”

“ಚೆಲ್ವಿ!” ಅತ್ತೆ ಕೆಂಪಾಜಮ್ಮ ಒಳಗಿನಿಂದಲೇ ಗದರಿದಳು. “ನೀರಿಗೆ ಒಂಟೋನ ಬೆನ್ನಿಂದೆ ಆ ಮಾತು ಆಡ್ತೀಯಾ? ಬಾಯಿ ಮುಚ್ಕೊಂಡು ಒಳೀಕ್ ಬಾ.”

ಸಣ್ಣಬೀರಯ್ಯ ನಕ್ಕ. “ಬುಡವ್ವ, ಇಲ್ಲೇ ಓಗ್ಬುಟ್ಟು ಬತ್ತೀನಿ” ಅಂದು ಹೊರಟೇಹೋದ. ಅವನಿಗೂ ಅದೇ ಬೇಕಿತ್ತು. ಮೀನು ಸಿಗುವ ಜಾಗ ಬಾಯಿಬಿಟ್ಟರೆ ನಾಳೆ ಕೇರಿಯವರೆಲ್ಲ ಅಲ್ಲೇ ಬಲೆ ಬಿಡುತ್ತಾರಲ್ಲ!

ಹೊತ್ತು ಏರಿದ ಹಾಗೆ ಗಾಳಿಯೂ ಏರಿತು. ನೀರಿನ ಮೇಲೆ ಬಿಳಿ ನೊರೆ ಎದ್ದಿತು. ಚೆಲುವಮ್ಮ ಒಲೆ ಮುಂದೆ ಕೂತಳು, ಎದ್ದಳು, ದಡಕ್ಕೆ ಹೋದಳು, ಬಂದಳು. ಒಲೆಯ ಮೇಲಿದ್ದ ಹಿಟ್ಟು ತಳ ಹಿಡಿಯಿತು. ಒಂದೊಂದೇ ಹರಿಗೋಲು ದಡ ಸೇರಿತು. ಸಣ್ಣಬೀರಯ್ಯನ ದೊಡ್ಡಪ್ಪನ ಮಗ ಚಾಮಯ್ಯನೂ ಮೈಯೆಲ್ಲ ನೆನೆದು ಬಂದ.

“ಭಾವ, ನಿಮ್ ತಮ್ಮನ್ನ ಕಂಡ್ರಾ?”

“ಇಲ್ವಲ್ಲ ಕಣವ್ವ. ಅವ್ನಿನ್ನೂ ಬಂದಿಲ್ವಾ? ಯಾವ್ ಕಡೆ ಓದ?”

ಚೆಲುವಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ನೀರು ನೋಡುತ್ತಾ ನಿಂತಿದ್ದಳು.

ಪಕ್ಕದ ಮನೆಯ ರುಕ್ಮಿಣಮ್ಮ ಓಡಿಬಂದಳು. ಅವಳು ನಾಲೆ ಕೆಲಸಕ್ಕೆ ಬಂದ ಮೇಸ್ತ್ರಿಯ ಹೆಂಡತಿ, ಮಂಗಳೂರು ಕಡೆಯ ಕಡಲ ಮೀನುಗಾರರ ಮನೆಮಗಳು. ಅವಳ ಮಾತು ಕೇಳಿದರೆ ಕೇರಿಗೆಲ್ಲ ನಗು. ಅವತ್ತು ಯಾರೂ ನಗಲಿಲ್ಲ.

“ಎಂತದು ಮಾರಾಯ್ತಿ, ಎಲ್ಲಿಗೆ ಹೋದದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಾ? ನಮ್ಮಪ್ಪ ಚಿಕ್ಕ ದೋಣಿಯಲ್ಲಿ ಕಡಲಿಗೆ ಇಳಿಯುವವರು. ದಡ ಕಾಣುವಷ್ಟು ದೂರ, ಅಷ್ಟೇ. ಆದರೂ ದಿನಾ ಅಮ್ಮನಿಗೆ ಹೇಳಿಯೇ ಹೋಗುವರು. ಇವತ್ತು ಬಂಡೆಯ ಆಚೆಗೆ, ಮಧ್ಯಾಹ್ನದ ಗಂಜಿಗೆ ಬರ್ತೇನೆ ಅಂತ. ಗಂಜಿ ಆರಿತೋ, ಅಮ್ಮ ಬೇರೆ ದೋಣಿಯವರನ್ನು ಎಬ್ಬಿಸಿ ಬಂಡೆ ಕಡೆ ಕಳಿಸುವಳು. ನೀವು ಕೇಳುವುದೇ ಇಲ್ಲವಾ?”

“ಕೇಳಿದ್ದೆ ಕಣವ್ವ!” ಕೆಂಪಾಜಮ್ಮ ಕಿರುಚಿದಳು. “ನಾನೂ ಒಂದಿನ ಕೇಳಿದ್ದೆ. ಅವತ್ತೇ ಇವ್ನಪ್ಪ ಒಳೇಲಿ ಓದ್ರು. ಎಲ್ಲಿಗೆ ಅಂದು ಗಂಡನ್ನ ತಿನ್ಕೊಂಡ್ಳು ಅಂತ ಕೇರಿಯೆಲ್ಲ ಅಂದ್ರು. ಅದ್ಕೇ ಮಗನ್ನ ಕೇಳಾಕಿಲ್ಲ. ಸೊಸೇನೂ ಕೇಳಾಕ್ ಬುಡಾಕಿಲ್ಲ.”

ಚೆಲುವಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಬೆಳಿಗ್ಗೆಯಿಂದ ಅತ್ತೆಯ ಮೇಲೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ. ರುಕ್ಮಿಣಮ್ಮ ಮುದುಕಿಯ ಕೈ ಹಿಡಿದುಕೊಂಡಳು.

“ನೀವು ಕೇಳಿದಾಗ ಅವರು ಏನು ಹೇಳಿದ್ರು ಅಮ್ಮ?”

“ದೊಡ್ಡ ಮಡು ತಾವ್ಕೆ ಅಂದ್ರು.”

“ಸಿಕ್ಕಿದ್ದು ಎಲ್ಲಿ?”

“ಮಡು ತಾವೇ. ಬಿಸ್ಲಿರೋವಾಗ್ಲೇ ತಂದ್ರು. ನಾನೇ ಮೈ ತೊಳ್ದೆ.”

“ಮಡುವಿಗೆ ಅಂತ ಹೇಳಿದ್ದಕ್ಕೆ ತಾನೇ ಅವರನ್ನು ಅಲ್ಲಿ ಹುಡುಕಿದ್ದು? ನೀವು ಕೇಳಿದ್ದಕ್ಕೇ ಅವರು ಮನೆಗೆ ಬಂದರು ಅಮ್ಮ. ಇವತ್ತು ನಮಗೆ ಅಷ್ಟೂ ಗೊತ್ತಿಲ್ಲ.”

ಕೆಂಪಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಚಾಮಯ್ಯ ಕೇರಿಯ ಇಬ್ಬರನ್ನು ಕರೆದುಕೊಂಡು ಹರಿಗೋಲು ನೂಕಿದ. ಎತ್ತ ಹೋಗುವುದು? ನೀರಿನ ಮಧ್ಯೆ ಎದ್ದು ನಿಂತ ನಡುಗುಡ್ಡೆ ಅಂತ ಒಬ್ಬ, ಮುಳುಗಿದ ತೋಪು ಅಂತ ಇನ್ನೊಬ್ಬ. ತೋಪಿನ ಕಡೆ ಹೋದರು. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದರು. ಹೊತ್ತು ಇಳಿಯುತ್ತಿತ್ತು. ಮೇಲಿನ ಸೀಮೆಯ ಮಳೆಗೆ ನೀರು ಏರುತ್ತಿತ್ತು. ಬೆಳಿಗ್ಗೆ ದಡಕ್ಕೆ ಬಂದಾಗ ಚೆಲುವಮ್ಮ ಕೂತಿದ್ದ ಕಲ್ಲು ಆಗಲೇ ಕಾಣುತ್ತಿರಲಿಲ್ಲ.

“ಮನೆಗೆ ಹೋಗಿ ನೋಡು ಮಾರಾಯ್ತಿ, ಏನೇನು ತಗೊಂಡು ಹೋಗಿದ್ದಾರೆ ಅಂತ” ಅಂದಳು ರುಕ್ಮಿಣಮ್ಮ.

ಚೆಲುವಮ್ಮ ಓಡಿದಳು. ಗೋಡೆಗೆ ಒರಗಿಸಿದ್ದ ಬಿದಿರು ಗಳ ಇರಲಿಲ್ಲ. ಹಾಗೇ ತಿರುಗಿ ಓಡಿಬಂದಳು.

“ಭಾವ, ಗಳ ತಕ್ಕೊಂಡು ಓಗವ್ರೆ!”

ಆಳದ ನೀರಿಗೆ ಹೋಗುವವರಿಗೆ ಹುಟ್ಟು ಸಾಕು. ತಳ ಸಿಗುವ ಕಡೆಗೆ ಮಾತ್ರ ಗಳ ಬೇಕು. ಹಿನ್ನೀರಿನಲ್ಲಿ ಗಳಕ್ಕೆ ತಳ ಸಿಗುವುದು ಮುಳುಗಿದ ಊರಿನ ಮೇಲೆ.

“ಅಳೇ ಊರು ಕಣ್ರಲಾ! ನೂಕ್ರಿ!” ಅಂದ ಚಾಮಯ್ಯ.

ಅಲ್ಲೇ ಇದ್ದ. ಹಳೇ ಚಾವಡಿಯ ಕಲ್ಲುಕಂಬಕ್ಕೆ ಗಾಳಿ ಹರಿಗೋಲನ್ನು ಬಡಿದು ಅದರ ಹೊದಿಕೆಯ ಚರ್ಮ ಸೀಳಿತ್ತು. ಕಾಲು ಕಂಬಕ್ಕೂ ಹರಿಗೋಲಿಗೂ ನಡುವೆ ಸಿಕ್ಕಿ ಊದಿಕೊಂಡು ಈಜಲಾಗದೆ, ಸಣ್ಣಬೀರಯ್ಯ ಮುಳುಗಿದ ಗೋಡೆಯ ಮೇಲೆ ನಿಂತು ಕಂಬ ತಬ್ಬಿಕೊಂಡಿದ್ದ. ಸೊಂಟಕ್ಕಿದ್ದ ನೀರು ಕೊರಳವರೆಗೆ ಬಂದಿತ್ತು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ತೋಪಿನ ಕಡೆ ಹುಡುಕುತ್ತಿದ್ದವರಿಗೆ ಆ ಕೂಗು ಹೇಗೆ ಕೇಳಬೇಕು? ಇನ್ನೊಂದು ಗಳಿಗೆ ತಡವಾಗಿದ್ದರೆ ಈ ಕಥೆಯನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಲೆಯ ಮುಂದೆ ಕಂಬಳಿ ಹೊದ್ದು ಕೂತ ಮೇಲೆ ಸಣ್ಣಬೀರಯ್ಯ ಮೆಲ್ಲಗೆ ಬಾಯಿಬಿಟ್ಟ.

“ಯಾರಾರ ಬಂದಾರು ಅಂತ ದಡಾನೇ ನೋಡ್ತಿದ್ದೆ. ಆಮ್ಯಾಕೆ ನೆಪ್ಪಾಯ್ತು, ನಾನ್ ಎಲ್ಲಿದೀನಿ ಅಂತ ಯಾರ್ಗೂ ಗೊತ್ತಿಲ್ವಲ್ಲ ಅಂತ. ಆಗ ಆದಷ್ಟು ಎದ್ರಿಕೆ ನೀರು ಏರ್ದಾಗ್ಲೂ ಆಗಿರ್ಲಿಲ್ಲ ಕಣೇ.”

“ಇನ್ಮೇಲೆ ಏಳ್ಬುಟ್ಟು ಓಗು” ಅಂದ ಚಾಮಯ್ಯ.

“ಜಾಗ ಏಳುದ್ರೆ ಮೀನು ನಿಮ್ ಬಲೆಗೆ ಬೀಳ್ತದೆ.”

“ನಿನ್ ಮೀನು ನೀನೇ ಇಟ್ಕೊಳಲಾ! ನಮ್ಗೆ ಯಾಕ್ ಏಳ್ತೀಯ? ನಿನ್ ಎಂಡ್ರ ಕಿವೀಲಿ ಏಳು, ಸಾಕು.”

ಕೆಂಪಾಜಮ್ಮ ಮಗನ ಊದಿದ ಕಾಲಿಗೆ ಬಿಸಿನೀರಿನ ಬಟ್ಟೆ ಇಡುತ್ತಾ ಕೂತಿದ್ದಳು.

ಶ್ರಾವಣ ಕಳೆದು ಗಾಳಿ ತಗ್ಗಿತು. ಕಾಲು ವಾಸಿಯಾಯಿತು. ಹರಿಗೋಲಿಗೆ ಹೊಸ ಚರ್ಮ ಹೊದಿಸಿ ಸಣ್ಣಬೀರಯ್ಯ ಮತ್ತೆ ಹೊರಟ. ಚೆಲುವಮ್ಮ ಬಾಗಿಲಿಗೆ ಬಂದು ಅತ್ತೆಯ ಕಡೆ ನೋಡಿದಳು, ಕೇಳಲೋ ಬೇಡವೋ ಅಂತ. ಕೆಂಪಾಜಮ್ಮ ಸೊಸೆಯನ್ನು ದಾಟಿಕೊಂಡು ಅಂಗಳಕ್ಕೆ ಇಳಿದಳು.

“ಎಲ್ಲಿಗ್ಲಾ ಮಗ?”

ಅಂಗಳ ಗುಡಿಸುತ್ತಿದ್ದ ಎದುರು ಮನೆಯವಳು ಪೊರಕೆ ಹಿಡಿದು ಹಾಗೇ ನಿಂತಳು. ಸಣ್ಣಬೀರಯ್ಯ ತಿರುಗಿ ತಾಯಿಯ ಹತ್ತಿರ ಬಂದ.

“ನಡುಗುಡ್ಡೆ ತಾವ್ಕೆ ಕಣವ್ವ. ಮಧ್ಯಾನ ಇಟ್ಟು ಉಣ್ಣೋ ಒತ್ಗೆ ಬತ್ತೀನಿ. ಗಾಳಿ ಎದ್ರೆ ಗುಡ್ಡೆ ಮ್ಯಾಲೇ ಇರ್ತೀನಿ.”

“ಊಂ. ಉಸಾರು.”

ಹಾಗಂತ ಮುದುಕಿಯ ಭಯ ಹೋಯಿತೇ? ಎಲ್ಲಿ ಹೋದೀತು! ಬೆಳಗಿನಿಂದ ದಡ ಬಿಟ್ಟು ಕದಲಲಿಲ್ಲ. ತಾನು ಆಡಿದ ಮಾತು ಮಗನ ತಲೆಗೆ ಬಂದೀತೇನೋ ಅಂತ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಆದರೆ ಈ ಸಲ ಕಣ್ಣು ಎತ್ತೆತ್ತಲೋ ಹುಡುಕಬೇಕಾಗಿರಲಿಲ್ಲ. ನಡುಗುಡ್ಡೆಯನ್ನೇ ನೋಡುತ್ತಿದ್ದಳು. ಹರಿಗೋಲು ಆ ಕಡೆಯಿಂದಲೇ ಬಂತು. ಹಿಟ್ಟು ಇನ್ನೂ ಬಿಸಿಯಾಗಿತ್ತು.

ತಾಯಂದಿರೇ, ಅಕ್ಕಂದಿರೇ, ಹರಿಗೋಲು ಹಾಕುವ ಅಣ್ಣಂದಿರೇ! ನೀರಿಗೆ ಹೊರಡುವಾಗ ಯಾವ ಕಡೆ ಅಂತ ಹೇಳಿ ಹೋಗಿ. ಯಾವ ಹೊತ್ತಿಗೆ ಬರುತ್ತೀರಿ ಅಂತಲೂ ಹೇಳಿ. ಜಾಗ ಬದಲಾಯಿಸಿದರೆ ಎದುರು ಸಿಕ್ಕವರಿಗೆ ಕೂಗಿ ಹೇಳಿ. ಹೇಳಿದ ಹೊತ್ತು ಮೀರಿದರೆ ಮನೆಯವರು ಕಾಯುತ್ತಾ ಕೂರಬೇಡಿ, ಕೂಡಲೇ ಕೇರಿಯವರನ್ನು ಕರೆಯಿರಿ. ಹೊರಟವರು ಹೇಳದಿದ್ದರೆ ನೀವೇ ಕೇಳಿ. ಆ ಮಾತಿಗೆ ಗಂಡನ ಸಾವನ್ನು ಹೊತ್ತಿದ್ದ ಕೆಂಪಾಜಮ್ಮನೇ ಕೇಳಿದಳು. ನೀವು ಕೇಳಲಾರಿರಾ?