ಹಗ್ಗದ ಹುಡುಗಿ ಏನಾದಳು

ಆ ಬಾಡಿಗೆ ಲೈಬ್ರರಿಯಲ್ಲಿ ಕಟ್ಟುನಿಟ್ಟಿನ ನಿಯಮ ಅಂತ ಇದ್ದದ್ದು ಒಂದೇ. ಪುಟದ ಮೂಲೆ ಮಡಚಿ ತಂದರೆ ಲೈಬ್ರರಿ ನಡೆಸುತ್ತಿದ್ದ ಅಕ್ಕ ಒಂದು ಮಾತು ಬೈದು ಸುಮ್ಮನಾಗುತ್ತಿದ್ದಳು. ಚಹಾ ಚೆಲ್ಲಿಕೊಂಡು ತಂದರೂ ಮುಖ ಸಿಂಡರಿಸಿ ಒಳಗಿಟ್ಟುಕೊಳ್ಳುತ್ತಿದ್ದಳು. ಆದರೆ ಕೌಂಟರಿನ ಮುಂದೆ ನಿಂತು ಕಥೆಯ ಕೊನೆ ಬಾಯಿಬಿಟ್ಟರೋ, ಮುಗಿಯಿತು. ಮುಂದಿನ ಹೊಸ ಪುಸ್ತಕಕ್ಕೆ ಅವರ ಸರದಿ ಎಲ್ಲರಿಗಿಂತ ಹಿಂದೆ. ಹೀಗೆ ಸರದಿ ಕಳೆದುಕೊಂಡವರಲ್ಲಿ ಅಕ್ಕನ ಸ್ವಂತ ನಾದಿನಿಯೂ ಇದ್ದಳು. ಅವಳು ಆಮೇಲೆ ಆ ಕಡೆ ತಲೆ ಹಾಕಲಿಲ್ಲ, ಅದು ಬೇರೆ ಮಾತು.

ಹಾಗಾಗಿ ‘ಬೂದಿಮಂಜು’ ಕಾದಂಬರಿಯ ಮೂರನೆಯ ಭಾಗ, ಅಂದರೆ ಕಟ್ಟಕಡೆಯ ಭಾಗ, ಬಂದ ವಾರ ಇಡೀ ಲೈಬ್ರರಿ ಬಾಯಿಗೆ ಬಟ್ಟೆ ತುರುಕಿಕೊಂಡ ಹಾಗಿತ್ತು. ಓದಿದವರಿಗೆ ಹೇಳುವ ಚಡಪಡಿಕೆ, ಓದದವರಿಗೆ ಎಲ್ಲಿ ಕಿವಿಗೆ ಬಿದ್ದುಬಿಡುತ್ತದೋ ಎಂಬ ದಿಗಿಲು. ಇದ್ದದ್ದು ಎರಡೇ ಪ್ರತಿ. ಕಥೆ ಇಷ್ಟು: ಬೂದಿಬಣ್ಣದ ಮಂಜು ಮುಚ್ಚಿದ ನಾಡು, ಅದನ್ನಾಳುವ ಮೂಳೆಯಿಲ್ಲದ ಅರಸ, ಮಂಜಿನೊಳಗೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯುವ ಒಂದಿಷ್ಟು ಜನ. ದಾರಿ ತಪ್ಪಿದವರನ್ನು ಮಂಜು ತಿಂದುಬಿಡುತ್ತದೆ. ಓದುಗರು ಇದಕ್ಕಾಗಿ ಮೂರು ಮಳೆಗಾಲ ಕಾದಿದ್ದರು.

ಅಕ್ಕ ಕಾದದ್ದು ಬೇರೆಯದಕ್ಕೆ.

ಪತ್ತೇದಾರಿ ಕಾದಂಬರಿಗಳ ರ‍್ಯಾಕಿನ ಹಿಂದೆ, ಗೋಂದಿನ ಡಬ್ಬಿ, ಬ್ರಷ್ಷು, ಹರಿದ ಪುಸ್ತಕಗಳ ನಡುವೆ ಬೆನ್ನು ಬಗ್ಗಿಸಿ ಕೂರುತ್ತಿದ್ದ ಅವಳ ಗಂಡನನ್ನು ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಕರೆದರೆ ಹ್ಞೂಂ ಅನ್ನುತ್ತಿದ್ದ, ಅಷ್ಟೇ. ‘ಬೂದಿಮಂಜು’ ಬರೆದವನು ಆ ಗೋಂದಣ್ಣನೇ ಎಂಬುದು ಅಕ್ಕನಿಗೂ ಪ್ರಕಾಶಕನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದ ಮೇಲಿದ್ದದ್ದು ಯಾವುದೋ ಕಾವ್ಯನಾಮ.

ಅವರಿಗೊಬ್ಬಳು ಮಗಳಿದ್ದಳು. ಇದ್ದಳು ಎಂದರೆ ಅಕ್ಕನಿಗೆ ಸಿಟ್ಟು ಬರುತ್ತಿತ್ತು; ಇದ್ದಾಳೆ ಅನ್ನಬೇಕು. ಆಗ ಹತ್ತು ವರ್ಷದ ಹುಡುಗಿ, ಮಹಾ ಬಾಯಿಬಡಕಿ. ಒಂದು ಮಧ್ಯಾಹ್ನ ಇದೇ ಕೌಂಟರಿನ ಕೆಳಗೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಪಕ್ಕದ ರಸ್ತೆಯ ಅಂಗಡಿಯಿಂದ ರಬ್ಬರ್ ತರುತ್ತೇನೆ, ಈಗ ಬಂದೆ, ಎಂದು ಹೋದವಳು ಬರಲಿಲ್ಲ. ಪೊಲೀಸರು ಬಂದರು, ಹೋದರು. ಗಂಡ ಹೆಂಡತಿ ಬಸ್ ನಿಲ್ದಾಣಗಳನ್ನು ಸುತ್ತಿದರು, ಆಸ್ಪತ್ರೆಗಳನ್ನು ಸುತ್ತಿದರು, ಆಸ್ಪತ್ರೆಗಳ ಹಿಂದಿನ ತಣ್ಣನೆಯ ಕೋಣೆಗಳಿಗೂ ಹೋಗಿ ಬೇರೆಯವರ ಮಕ್ಕಳ ಮುಖ ನೋಡಿ ಬಂದರು. ಆಮೇಲೊಂದು ದಿನ ಗಂಡ ಅವಳ ಮಾತೆತ್ತುವುದನ್ನು ನಿಲ್ಲಿಸಿದ. ಜಗಳವಾಡಿ ನಿಲ್ಲಿಸಿದ್ದಲ್ಲ, ಸುಮ್ಮನೆ ನಿಂತುಹೋಯಿತು. ಮಾತಿನ ಬದಲು ಬರೆಯತೊಡಗಿದ.

ಮೊದಲ ಭಾಗ ಓದಿದಾಗಲೇ ಅಕ್ಕ ಮಗಳನ್ನು ಗುರುತು ಹಿಡಿದಿದ್ದಳು. ಹಗ್ಗ ಕಟ್ಟಿಕೊಂಡ ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಒಬ್ಬ ಸಣ್ಣ ಹುಡುಗಿ. ತೀರಾ ಸಣ್ಣವಳಾದ್ದರಿಂದ ಮಂಜಿಗೆ ಅವಳು ಕಾಣುವುದಿಲ್ಲವಂತೆ. ದಾರಿಯುದ್ದಕ್ಕೂ ವಟವಟ ಮಾತು. ಮಾತು ಬಲ್ಲ ಒಂದು ಹೇಸರಗತ್ತೆಯ ಜೊತೆ ನಿತ್ಯ ಜಗಳ. ಎರಡನೆಯ ಭಾಗದ ಕೊನೆಯ ಪುಟದಲ್ಲಿ ಅವಳು ಸೊಂಟದ ಹಗ್ಗ ಬಿಚ್ಚಿ, ಮುಂದೆ ದಾರಿ ಇದೆಯಾ ನೋಡಿ ಬರ್ತೀನಿ, ಈಗ ಬಂದೆ, ಎಂದು ಮಂಜಿನೊಳಗೆ ಹೋಗಿದ್ದಳು.

ಆವತ್ತು ಅಕ್ಕ ಗಂಡನಿಗೆ ಹೇಳಿದ್ದು ಒಂದೇ ಮಾತು: "ಯಾರನ್ನ ಬೇಕಾದ್ರೂ ಕೊಲ್ಲು. ಅವಳನ್ನ ಮಾತ್ರ ಕೊಲ್ಲಬೇಡ."

ಗಂಡ ಹ್ಞೂಂ ಅಂದಿದ್ದ.

ಮಗಳು ಬರುತ್ತಾಳೆಂದು ಅವನು ಇನ್ನೂ ನಂಬಿದ್ದಾನೋ, ಕೈಚೆಲ್ಲಿದ್ದಾನೋ, ಅವಳಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅದು ಗೊತ್ತಾಗುವುದು ಈ ಮೂರನೆಯ ಭಾಗದಿಂದ. ಆದರೆ ಪುಸ್ತಕ ಬಂದಾಗ ಅದನ್ನು ತೆರೆಯಲು ಬೆರಳೇ ಏಳಲಿಲ್ಲ. ಓದಿ ಬಂದವರ ಮುಖ ನೋಡಿಯೇ ತಿಳಿದುಕೊಳ್ಳೋಣ ಅಂದುಕೊಂಡಳು. ಹುಡುಗಿ ಸತ್ತಿದ್ದರೆ ಮುಖ ಒಂದು ಥರ ಇರುತ್ತದೆ, ಬದುಕಿದ್ದರೆ ಇನ್ನೊಂದು ಥರ.

ಮೊದಲು ತಂದವನು ಎದುರು ಸಾಲಿನ ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಪುಸ್ತಕವನ್ನು ಕೌಂಟರಿನ ಮೇಲೆ ದಪ್ಪೆಂದು ಹಾಕಿದ.

"ಇದನ್ನ ಬರೆದೋನು ಸಿಕ್ಕಿದ್ರೆ ಅವನ ಬಾಯಿ ಹೊಲಿದುಬಿಡ್ತೀನಿ ಅಕ್ಕಾ."

ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಯಾಕೆ? ಏನಾಯ್ತು?"

"ನಿಮ್ಮ ನಿಯಮ ಇದೆಯಲ್ಲ, ಹೆಂಗೆ ಹೇಳ್ಲಿ. ಒಂದು ಪ್ರಾಣಿ ಅಂತ ಇಟ್ಕೊಳ್ಳಿ. ಬಡಪಾಯಿ. ನಾಲ್ಕು ಕಾಲಿಂದು. ನಾನು ನಮ್ಮಪ್ಪ ಹೋದಾಗ್ಲೂ ಇಷ್ಟು ಅತ್ತಿರ್ಲಿಲ್ಲ."

"ಅಷ್ಟೇನಾ? ಇನ್ಯಾರಿಗೂ ಏನೂ ಆಗಲಿಲ್ವಾ?"

"ಅಷ್ಟೇನಾ ಅಂತೀರಲ್ಲ! ನಿಮ್ಮದು ಕಲ್ಲು ಮನಸ್ಸು ಬಿಡಿ."

ರ‍್ಯಾಕಿನ ಹಿಂದೆ ಬ್ರಷ್ಷಿನ ಸದ್ದು ನಿಂತು, ಮತ್ತೆ ಶುರುವಾಯಿತು.

ಎರಡನೆಯವಳು ಕಾಲೇಜಿನ ಹುಡುಗಿ. ಅವಳಿಗೆ ಕಾದಂಬರಿಯ ಒಂಟಿಗಣ್ಣಿನ ಅಂಬಿಗನ ಮೇಲೆ ಪ್ರೀತಿ. ಮೊದಲ ಭಾಗದಿಂದಲೂ ಅವನನ್ನು ‘ನಮ್ಮವರು’ ಎಂದೇ ಕರೆಯುತ್ತಿದ್ದಳು.

"ನಮ್ಮವರು ಹೀಗೆ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ ಆಂಟಿ. ನಂಗೆ ವಿಧವೆ ಥರ ಅನ್ನಿಸ್ತಿದೆ."

"ಏ, ಏನು ಮಾತು ಅಂತ ಆಡ್ತೀಯ! ಕೊನೆ ಹೇಳಿದ ಹಾಗಾಯ್ತು ಅದು."

"ಸತ್ರು ಅಂದ್ನಾ ನಾನು? ವಿಧವೆ ಥರ ಅಂದೆ. ಬದುಕಿದ್ದೂ ಹಾಗೆ ಅನ್ನಿಸಬಾರದಾ?"

ಕ್ಯೂನಲ್ಲಿದ್ದವರು ಗೊಳ್ಳೆಂದರು. ಅಕ್ಕನೂ ತುಟಿ ಅಗಲಿಸಿದಳು. ಆದರೆ ಒಳಗೊಳಗೆ ಕಾಯುತ್ತಿದ್ದಳು: ಈಗ ಅಂದಾಳು, ಪಾಪ ಆ ಹುಡುಗಿ ಅಂತ. ಅಥವಾ, ಸದ್ಯ ಆ ಹುಡುಗಿಯಾದರೂ, ಅಂತ. ಅನ್ನಲಿಲ್ಲ. ಇನ್ನೊಂದು ಪ್ರೇಮಕಥೆ ಕಂಕುಳಲ್ಲಿಟ್ಟುಕೊಂಡು ಹೋದಳು.

ಹೀಗೇ ಒಬ್ಬೊಬ್ಬರಾಗಿ ಬಂದರು. ಒಬ್ಬರಿಗೆ ಅರಸ ಸೋತ ರೀತಿ ಹಿಡಿಸಲಿಲ್ಲ, ಇನ್ನೊಬ್ಬರಿಗೆ ಯುದ್ಧ ತೀರಾ ಎಳೆದ ಹಾಗಾಯಿತು, ಮತ್ತೊಬ್ಬರು ಇದಕ್ಕಿಂತ ನಾನೇ ಚೆನ್ನಾಗಿ ಬರೀತಿದ್ದೆ ಎಂದು ಮೂಗು ಮುರಿದರು. ಹೇಸರಗತ್ತೆಗಾಗಿ ಮೂಗು ಒರೆಸಿಕೊಳ್ಳದವರಿಲ್ಲ. ಹುಡುಗಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹಾಗಾದರೆ ಬದುಕಿದ್ದಾಳೆ, ಸತ್ತಿದ್ದರೆ ಬಿಡುತ್ತಿದ್ದರಾ ಇವರು, ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ನಂಬಿಕೆ ಬರುತ್ತಿರಲಿಲ್ಲ.

ಕೊನೆಗೆ ತಡೆಯದೆ ನರ್ಸಮ್ಮನನ್ನು ಕೇಳಿಯೇಬಿಟ್ಟಳು. ಈ ಬೀದಿಗೆ ಹೊಸದಾಗಿ ಬಂದ ನರ್ಸು, ಮಗಳ ವಿಷಯ ಏನೂ ಗೊತ್ತಿಲ್ಲದವಳು. ಡ್ಯೂಟಿ ಮುಗಿಸಿ, ಕಾಲು ಊದಿಸಿಕೊಂಡು, ಸ್ಟೂಲಿನ ಮೇಲೆ ಕುಳಿತಿದ್ದಳು. ಸುತ್ತ ಯಾರೂ ಇರಲಿಲ್ಲ.

"ನರ್ಸಮ್ಮ, ಕೊನೇಲಿ ಆ ಹುಡುಗಿ ಏನಾದಳು?"

"ಅಯ್ಯೋ ಅಕ್ಕಾ! ನೀವೇ ಕೇಳೋದಾ?"

"ಕೇಳ್ತಿದೀನಿ. ಬೇಕಾದ್ರೆ ನನ್ನ ಸರದಿ ಹಿಂದೆ ಹಾಕಿ. ಹೇಳಿ."

"ಯಾವ ಹುಡುಗಿ?"

"ಹಗ್ಗದ ಹುಡುಗಿ. ಎಲ್ಲರಿಗಿಂತ ಮುಂದೆ ನಡೀತಾಳಲ್ಲ."

ನರ್ಸಮ್ಮ ಫ್ಯಾನ್ ನೋಡಿದಳು, ನೆಲ ನೋಡಿದಳು. "ಓ, ಅವಳಾ! ಹೌದಲ್ಲ, ಒಬ್ಬಳಿದ್ದಳು. ಇದರಲ್ಲಿ ಬಂದ ಹಾಗಿಲ್ಲಪ್ಪ. ಗಮನಿಸಲೇ ಇಲ್ಲ ನೋಡಿ ನಾನು." ಅಕ್ಕನ ಮುಖ ಕಂಡು ಸಮಾಧಾನಕ್ಕೆಂಬಂತೆ ಸೇರಿಸಿದಳು: "ಬಿಡಿ, ಅವಳೇನು ಅಷ್ಟು ಮುಖ್ಯದವಳಲ್ಲ."

ನರ್ಸಮ್ಮ ತಂದುಕೊಟ್ಟ ಪ್ರತಿಯನ್ನು ಅಕ್ಕ ಯಾರಿಗೂ ಕೊಡಲಿಲ್ಲ. ಮರುದಿನ ರಜೆ. ಶಟರ್ ಅರ್ಧ ಎಳೆದು, ಅದರ ಕೆಳಗಿನಿಂದ ಬರುವ ಬೆಳಕಿಗೆ ನೆಲದ ಮೇಲೆ ಕುಳಿತು, ಮೊದಲ ಸಾಲಿನಿಂದ ಓದಿದಳು. ಮೊದಲನೆಯ ಅಧ್ಯಾಯದಲ್ಲಿ ಅಂಬಿಗ ಹಗ್ಗದ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಾನೆ. ಯಾಕೆ ಅವನು ಕಟ್ಟಿಕೊಂಡ, ಮೊದಲು ಕಟ್ಟಿಕೊಂಡಿದ್ದವಳು ಎಲ್ಲಿ, ಯಾರೂ ಕೇಳುವುದಿಲ್ಲ. ಹೇಸರಗತ್ತೆ ಕೂಡ. ಅದಕ್ಕೆ ಈಗ ಜಗಳ ಅಂಬಿಗನ ಜೊತೆ. ಹೆಣಗಳು ಬಿದ್ದವು, ಕೋಟೆಗಳು ಉರಿದವು, ಅರಸ ಸೋತ, ಮಂಜು ಕರಗಿತು. ಕರಗಿದ ಮಂಜಿನ ಕೆಳಗೆ ಅದು ತಿಂದವರೆಲ್ಲರ ಮೂಳೆಗಳು ಸಿಕ್ಕವು ಎಂದು ಒಂದಿಡೀ ಪುಟ ಇತ್ತು. ಅಕ್ಕ ಅದನ್ನು ಬೆರಳಿಟ್ಟು ಓದಿದಳು. ಅಲ್ಲೂ ಅವಳಿರಲಿಲ್ಲ.

ಗಂಡ ರ‍್ಯಾಕಿನ ಹಿಂದೆಯೇ ಇದ್ದ. ರಜೆಯ ದಿನವೂ ಅವನಿಗೆ ಅದೇ ಜಾಗ.

"ಹಗ್ಗ ಅಂಬಿಗನ ಸೊಂಟಕ್ಕೆ ಹೇಗೆ ಬಂತು?" ಎಂದಳು.

ಅವನು ತಲೆಯೆತ್ತಲಿಲ್ಲ. "ಓದಿದೆಯಾ."

"ಓದಿದೆ. ಅವಳನ್ನ ಕೊಲ್ಲಬೇಡ ಅಂದಿದ್ದೆ ನಾನು."

"ಕೊಂದಿಲ್ವಲ್ಲ."

"ಕೊಂದಿದ್ರೇ ಚೆನ್ನಾಗಿತ್ತು. ನಿನ್ನ ಕುತ್ತಿಗೆ ಪಟ್ಟಿ ಹಿಡಿದು ಜಗಳ ಆಡ್ತಿದ್ದೆ. ಕೂತು ಅಳ್ತಿದ್ದೆ. ಇದೇನಿದು? ಆ ಕತ್ತೆಗೆ ಊರೆಲ್ಲ ಅಳ್ತಿದೆ, ಅವಳು ಇದ್ದಳು ಅನ್ನೋದೇ ಯಾರಿಗೂ ನೆನಪಿಲ್ಲ. ಬಂದಳು ಅಂತ ಒಂದು ಸಾಲು ಬರಿಯೋಕೆ ನಿನ್ನ ಕೈಗೇನಾಗಿತ್ತು?"

ಗಂಡ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. ಗೋಂದು ಹೋದ ಮೇಲೂ ಒರೆಸುತ್ತಲೇ ಇದ್ದ.

"ಬರೆಯೋಕೆ ಹೋದೆ ಕಣೇ. ಮಂಜಿಂದ ಆಚೆ ಬರ್ತಾಳೆ, ಬಂದವಳೇ ಕತ್ತೆಗೆ ಬೈತಾಳೆ. ಅಷ್ಟೇ ಇದ್ದಿದ್ದು ತಲೇಲಿ. ಅವಳ ಬಾಯಿ ತೆಗೆಸಿದೆ. ನನ್ನ ಧ್ವನಿ ಬಂತು. ಮತ್ತೊಂದು ಸಲ ತೆಗೆಸಿದೆ, ನಿನ್ನ ಧ್ವನಿ ಬಂತು. ಎಷ್ಟು ಕೂತ್ರೂ ಅವಳದು ಬರಲೇ ಇಲ್ಲ. ಹೋಗಿಬಿಟ್ಟಿದೆ ಅದು."

"ಹಿಂದಿನ ಭಾಗದಲ್ಲಿ ಮಾತಾಡ್ತಾಳಲ್ಲ."

"ಆಗ ಇನ್ನೂ ಇತ್ತು."

"ನನ್ನ ಕೇಳಬಹುದಿತ್ತಲ್ಲ ನೀನು!" ಅಕ್ಕ ಮುಂದೆ ಬಂದು ಮೇಜು ಹಿಡಿದುಕೊಂಡಳು. "ನನಗೆ ನೆನಪಿದೆ. ಕೇಳು, ಹೇಳ್ತೀನಿ. ಬೈದ್ರೆ ಹೇಗೆ ಎದುರುತ್ತರ ಕೊಡ್ತಿದ್ದಳು? ‘ಅಮ್ಮಾ, ನೀನು ಮೊದಲು ಸುಮ್ನಿರು, ಆಮೇಲೆ ನಾನು ಸುಮ್ನಿರ್ತೀನಿ’ ಅಂತ."

ಮಾತು ಸರಿಯಾಗಿತ್ತು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಆದರೆ ಕೋಣೆಯಲ್ಲಿ ಕೇಳಿದ್ದು ಕೌಂಟರಿನ ಹಿಂದೆ ನಿಂತು ನಿಂತು ಒರಟಾದ ಒಬ್ಬ ಹೆಂಗಸಿನ ಧ್ವನಿ. ಅಕ್ಕ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದಳು, ಸ್ವಲ್ಪ ಸಣ್ಣ ಮಾಡಿ. ನಾಟಕದಲ್ಲಿ ಯಾರೋ ಮಗುವಿನ ಪಾತ್ರ ಮಾಡಿದ ಹಾಗಿತ್ತು. ಮೂರನೆಯ ಸಲ ಬಾಯಿ ತೆರೆದು ಹಾಗೇ ನಿಂತಳು. ಮಗಳ ಧ್ವನಿ ಸ್ವಲ್ಪ ಒಡಕಾಗಿತ್ತಾ? ಮೂಗಿನಲ್ಲಿ ಬರುತ್ತಿತ್ತಾ?

ಗಂಡ ನೋಡುತ್ತಿದ್ದ. ಇನ್ನೊಮ್ಮೆ ಹೇಳು ಅನ್ನಲಿಲ್ಲ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಲಾರಿ ಡ್ರೈವರ್ ಬಂದು ನಿಂತಿದ್ದ. ದಪ್ಪ ಮೀಸೆಯ ಆಸಾಮಿ. ದೂರದ ಲೋಡಿಗೆ ಹೊರಡುವಾಗೆಲ್ಲ ದಪ್ಪ ಪುಸ್ತಕವೇ ಬೇಕು ಅನ್ನುತ್ತಿದ್ದವನು. ಇನ್ನೊಂದು ಪ್ರತಿ ಹೋಗಿದ್ದದ್ದು ಅವನ ಕೈಗೆ.

"ಅಕ್ಕಾ, ನಿಮಗೆ ಪ್ರೆಸ್ಸಿನೋರು ಟೋಪಿ ಹಾಕಿದಾರೆ. ಇದರಲ್ಲಿ ಪುಟ ಬಿಟ್ಟೋಗಿದೆ."

"ಹಾಗೇನಿಲ್ವಲ್ಲ."

"ಇದೆ ಅಕ್ಕಾ. ನಾನು ಕೊನೆ ಹೇಳ್ತಿಲ್ಲ, ಮತ್ತೆ ನನ್ನನ್ನ ಹಿಂದೆ ದಬ್ಬಬೇಡಿ. ಇಲ್ಲದೇ ಇರೋದನ್ನ ಹೇಳ್ತಿದೀನಿ. ಆ ಹಗ್ಗದ ಹುಡುಗಿ, ಈಗ ಬಂದೆ ಅಂತ ಹೋದಳಲ್ಲ, ಆಮೇಲೆ ಇಲ್ಲವೇ ಇಲ್ಲ. ಲೋಡ್ ಇಳಿಸೋ ತನಕ ಕ್ಯಾಬಿನ್ನಲ್ಲಿ ಕೂತು ಹಿಂದೆ ಮುಂದೆ ಎಲ್ಲ ಹುಡುಕಿದೆ. ಅಷ್ಟು ಜನ ಹಗ್ಗ ಹಿಡ್ಕೊಂಡು ಹೋಗ್ತಾರೆ, ಒಬ್ಬನಾದ್ರೂ ತಿರುಗಿ ನೋಡಬೇಡ್ವಾ? ಒಂದು ಕೂಗು ಹಾಕಬೇಡ್ವಾ? ಮನುಷ್ಯರಾದೋರು ಹಂಗೆ ಬಿಟ್ಟು ಹೋಗ್ತಾರಾ? ಅದಕ್ಕೇ ಅಂದೆ, ಪುಟ ಬಿಟ್ಟೋಗಿರಬೇಕು ಅಂತ."

ಅಕ್ಕ ಬಗ್ಗಿ, ಕೌಂಟರಿನ ಕೆಳಗಿಟ್ಟಿದ್ದ ತಾನೋದಿದ ಪ್ರತಿಯನ್ನು ಎತ್ತಿ ಅವನ ಮುಂದಿಟ್ಟಳು.

"ಇದನ್ನ ನೋಡಿ ಹಾಗಾದ್ರೆ."

ಡ್ರೈವರ್ ಅದನ್ನು ತೂಗುವವನಂತೆ ಕೈಯಲ್ಲಿ ಹಿಡಿದ. "ಇದರಲ್ಲಿ ಇದಾಳಾ?"

"ನಿಧಾನವಾಗಿ ಓದಿ. ಸಣ್ಣ ಹುಡುಗಿ, ಎಲ್ಲಾದ್ರೂ ಸೇರ್ಕೊಂಡಿರ್ತಾಳೆ."

"ಅದೇ ಅಂದೆ ನಾನು," ಎಂದ ಅವನು. ಮೀಸೆಯಡಿ ನಗು ಬಂತು. ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದ. ರಸ್ತೆಯಾಚೆ ಲಾರಿ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು.

"ಯಾಕೆ ಹಾಗೆ ಕಳಿಸಿದೆ ಅವನನ್ನ?" ರ‍್ಯಾಕಿನ ಹಿಂದಿನಿಂದ ಗಂಡ ಕೇಳಿದ. "ಇಲ್ಲ ಅಂತ ನಿಂಗೆ ಗೊತ್ತು."

"ನೀನು ಹುಡುಕೋದು ಬಿಟ್ಟೆ. ನನ್ನ ಹತ್ರಾನೂ ಅವಳ ಧ್ವನಿ ಉಳಿದಿಲ್ಲ," ಎಂದಳು ಅಕ್ಕ. "ಅವನಾದ್ರೂ ನಾಲ್ಕು ದಿನ ಹುಡುಕಲಿ."

ಡ್ರೈವರ್ ವಾಪಸು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬಂದು, ಪುಸ್ತಕವನ್ನು ಸದ್ದಾಗದಂತೆ ಕೌಂಟರಿನ ಮೇಲಿಟ್ಟು, ಅವಳ ಕಣ್ಣು ತಪ್ಪಿಸಿ ಬೀದಿಯ ಕಡೆ ನೋಡುತ್ತಾ ನಿಲ್ಲುತ್ತಾನೆ. ಹಾಗೆ ನಿಂತ ಗಂಡಸರನ್ನು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ ಪೊಲೀಸರನ್ನು, ಅವಳು ಈ ಕೌಂಟರಿನ ಹಿಂದಿನಿಂದ ಬೇಕಾದಷ್ಟು ನೋಡಿದ್ದಳು.